ಒಂದೇ ಜಾಗದಲ್ಲಿ ತಿರುಗುತ್ತಿದ್ದ ಮಸ್ಕಿ ಬಸ್ಸು

ಕಳೆದ ತಿಂಗಳು ಸಿಂಧನೂರಿಗೆ ಎಕ್ಸಿಬಿಷನ್ ಬಂದಿತ್ತು. ಹೋದೆ. ತೂಗುವ ಹಡಗು, ಫೈಬರ್ ಕುದುರೆಗಳು, ಡ್ರ್ಯಾಗನ್ ಮುಖದ ರೈಲು. ಹದಿನೈದು ದಿನ ಬಿಟ್ಟು ಲಿಂಗಸುಗೂರಿಗೆ ಹೋದರೆ ಅಲ್ಲೂ ಒಂದು ಎಕ್ಸಿಬಿಷನ್, ಬೇರೆಯವರದು. ಅದೇ ಹಡಗು, ಅದೇ ಡ್ರ್ಯಾಗನ್, ಕುದುರೆಗಳ ಬಾಯಲ್ಲಿ ಅವೇ ಹಲ್ಲು. ಒಡಹುಟ್ಟಿದವರು ಕೂಡ ಅಷ್ಟೊಂದು ಹೋಲುವುದಿಲ್ಲ. ಮನೆಗೆ ಬಂದು ಗೊಣಗಿದೆ. ನಮ್ಮವ್ವ ರೊಟ್ಟಿ ಬಡಿಯುತ್ತಲೇ ಹೇಳಿದಳು: “ಇಪ್ಪತ್ತಾರಕ್ಕನ ‘ನಮ್ಮ ಕಾಲದಾಗ’ ಅನ್ನೋ ರೋಗ ಹತ್ಯಾದ ನಿನಗ. ಮೀಸಿ ಇನ್ನಾ ಪೂರಾ ಬಂದಿಲ್ಲ.”

ಮೀಸೆಯ ಮಾತು ಖರೆ. ಆದರೆ ನಮ್ಮ ಕಾಲದಲ್ಲಿ ಎಕ್ಸಿಬಿಷನ್‌ನಲ್ಲಿ ಒಂದು ಎಮ್ಮೆ ಇತ್ತು.

ಕಟ್ಟಿಗೆಯ ಎಮ್ಮೆ. ಅದನ್ನು ಮಾಡಿದವರು ಮಸ್ಕಿಯ ಒಬ್ಬ ಬಡಿಗೇರ ಕಾಕಾ. ಎತ್ತಿನ ಬಂಡಿ ಕಟ್ಟುವುದು ಅವರ ಮನೆತನದ ಕಸುಬು. ಕಾಲುವೆ ನೀರಿನ ಜೊತೆ ಊರೂರಿಗೆ ಟ್ರ್ಯಾಕ್ಟರ್ ಬಂದ ಮೇಲೆ ಹೊಸ ಬಂಡಿ ಕೇಳುವವರು ಕಡಿಮೆಯಾದರು. ಅಂಗಳದಲ್ಲಿ ಉಳಿದ ಗಾಲಿ, ಅಚ್ಚು, ಹಲಗೆಗಳನ್ನು ನೋಡಿ ನೋಡಿ ಕಾಕಾ ಅವನ್ನೆಲ್ಲ ಸೇರಿಸಿ ಒಂದು ತಿರುಗಣಿ ಮಾಡಿದರು. ನಡುವೆ ಕಂಬ, ಸುತ್ತ ಕೂರುವ ಜಾಗಗಳು. ಭತ್ತದ ಕೊಯ್ಲು ಮುಗಿದು ಕಾಲುವೆ ಬಂದಾದಾಗ ಯಾರದೋ ಹೊಲದಲ್ಲಿ ಖಾಲಿ ಕೂತ ಪಂಪಿನ ಇಂಜಿನ್ ತಂದು ಬೆಲ್ಟ್ ಹಾಕಿದರೆ ಅದು ಡುಗುಡುಗು ಎಂದು ತಿರುಗುತ್ತಿತ್ತು. ಎಕ್ಸಿಬಿಷನ್ನಿನವರ ಲಾರಿಯಲ್ಲಿ ಅದೂ ಸಿಂಧನೂರು, ಲಿಂಗಸುಗೂರು ಎಂದು ಊರೂರಿಗೆ ಹೋಗುತ್ತಿತ್ತು.

ಕುದುರೆ ಒಂದೂ ಇರಲಿಲ್ಲ. “ಕುದುರಿ ಯಾರ ಮನಿಯಾಗ ಅದಾವು?” ಎಂದು ಕಾಕಾ ಕೇಳುತ್ತಿದ್ದರು. ಹಾಗಾಗಿ ಎಮ್ಮೆ ಇತ್ತು, ಗದ್ದೆಯ ಕೊಕ್ಕರೆ ಇತ್ತು, ಟ್ರ್ಯಾಕ್ಟರ್ ಇತ್ತು, ಮುದಗಲ್ ಕೋಟೆಯ ಬುರುಜು ಇತ್ತು. ಬುರುಜಿನ ಮೇಲೊಬ್ಬ ಕಟ್ಟಿಗೆಯ ಸಿಪಾಯಿ ಕೂತು ತೂಕಡಿಸುತ್ತಿದ್ದ. ಎಲ್ಲದಕ್ಕಿಂತ ದೊಡ್ಡದು ಕೆಂಪು ಬಸ್ಸು. ಹಿಂದೆ ಏಣಿ, ಮೇಲೆ ಕಟ್ಟಿಗೆಯ ಕೋಳಿಬುಟ್ಟಿ. ಸುತ್ತಲೂ ನೆಲದಲ್ಲಿ ನಾಲ್ಕು ಗೂಟ, ಗೂಟಕ್ಕೊಂದು ಬೋರ್ಡು: ಸಿಂಧನೂರು, ಮಸ್ಕಿ, ಲಿಂಗಸುಗೂರು, ಮುದಗಲ್. ಒಂದು ಸುತ್ತಿಗೆ ನಾಲ್ಕೂ ಊರು. ಮುದಗಲ್ ದಾಟಿದರೆ ಎರಡು ಮಾರಿಗೇ ಸಿಂಧನೂರು. ಭೂಗೋಳದಲ್ಲಿ ಕಾಕಾ ನನ್ನಷ್ಟೇ ಹುಷಾರು.

ಎಲ್ಲ ಚೆನ್ನಾಗಿತ್ತೆಂದರೆ ಸುಳ್ಳಾಗುತ್ತದೆ. ಎಮ್ಮೆಯ ಬಣ್ಣ ಚಡ್ಡಿಗೆ ಹತ್ತುತ್ತಿತ್ತು. ಕೊಕ್ಕರೆಯ ಕೊಕ್ಕು ಮುಂದೆ ಕೂತವರ ಬೆನ್ನಿಗೆ ಚುಚ್ಚುತ್ತಿತ್ತು.

ನಾನು ಸಿಕ್ಕಿಬಿದ್ದದ್ದು ಹೀಗೆ. ಟಿಕೀಟಿನ ಮೇಜಿನ ಹಿಂದೆ ಕಾಕಾನ ಹೆಂಡತಿ ಕೂರುತ್ತಿದ್ದರು. ಅವರನ್ನು ನಾನು ಆಮೇಲೆ ಚಿಗವ್ವ ಎನ್ನತೊಡಗಿದೆ. ಅವರ ಧ್ವನಿ ಗಿರಣಿಯ ಸೈರನ್ನಿನಂಥದ್ದು. ಸಾಲಿನಲ್ಲಿ ನಿಂತು ನಾನು ಅವರಂತೆಯೇ ಕೂಗಿದೆ: “ಎಮ್ಮಿ ಕೋಡು ಹಿಡೀಬ್ಯಾಡ್ರಿ! ಕಿತ್ತು ಬಂದ್ರ ನಿಮ್ಮ ತಲಿಗೇ ಹಚ್ಚತೀನಿ!” ಹೆಂಡತಿಯ ಧ್ವನಿ ಎರಡು ಕಡೆಯಿಂದ ಬಂದದ್ದಕ್ಕೆ ಕಾಕಾ ಗಾಬರಿಯಾಗಿ ಇಂಜಿನ್ನೇ ನಿಲ್ಲಿಸಿದರು. ಚಿಗವ್ವ ಎದ್ದು ಬಂದು ನನ್ನ ಕಿವಿ ಹಿಡಿದರು.

“ಇವರಿಗೆ ನಾ ಒಬ್ಬಾಕಿನ ಸಾಕಾಗೀನಿ, ಇನ್ನೊಬ್ಬಾಕಿ ಆಗಾಕ ಬಂದೀಯೇನಲೇ? ಯಾವೂರು ನಿಂದು?”

“ಸಿಂಧನೂರು ರೀ.”

ಸುಳ್ಳು. ನನ್ನೂರು ಸಾಲಗುಂದ. ಕಾಲೇಜಿಗೆಂದು ಸಿಂಧನೂರಿನ ಸೋದರಮಾವನ ಮನೆಯಲ್ಲಿದ್ದೆ. ಹಳ್ಳಿಯವನೆಂದರೆ ಕ್ಲಾಸಿನವರು ಕಾಡುತ್ತಿದ್ದರು. ಊರವರನ್ನೆಲ್ಲ ಅಣಕಿಸುವವನಿಗೆ ತನ್ನನ್ನು ಯಾರಾದರೂ ಅಣಕಿಸಿದರೆ ತಡೆಯುತ್ತಿರಲಿಲ್ಲ.

ಕಾಕಾ ಬಂದು ಮೆಲ್ಲಗೆ ಕೇಳಿದರು. ಅವರ ಗಂಟಲಿಗೆ ಜೋರು ಬರುತ್ತಿರಲಿಲ್ಲ. “ಕಂಡಕ್ಟರನಂಗ ಒದರತೀಯೇನು?”

ತಗಡಿನ ತುತ್ತೂರಿ ಕೈಗೆ ಬಂತು. ಮಾಡಿದೆ. “ಮಸ್ಕಿ ಮಸ್ಕಿ ಮಸ್ಕಿ! ಬಾಗಲಾಗ ನಿಂದರಬ್ಯಾಡ್ರಿ, ಒಳಗ ಸರೀರಿ! ಏ ಅಜ್ಜಾ, ಆ ಕುರಿ ತೊಡಿಮ್ಯಾಲ ಕುಂದರ್ಸ್ಕೋ, ಇಲ್ಲಾಂದ್ರ ಅದಕ್ಕೂ ಟಿಕೀಟು! ರೈಟ್!” ‘ರೈಟ್’ ಎಂದಾಗ ಕಾಕಾ ಇಂಜಿನ್ ಬಿಟ್ಟರು. ಬಸ್ಸು ಹೊರಟಿತು. ಅಂದಿನಿಂದ ಕೊಯ್ಲು ಮುಗಿದ ದಿನಗಳಲ್ಲಿ, ಸಂಜೆ ಹೊತ್ತು ನಾನು ಕಂಡಕ್ಟರ್.

ಮೊದಲ ವಾರವೇ ತುರ್ವಿಹಾಳದ ಅಜ್ಜಿಯೊಬ್ಬಳು ಮೊಮ್ಮಗನನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೂತಳು. ತಿರುಗಣಿ ನಿಂತಿತು. ಎಲ್ಲರೂ ಇಳಿದರು. ಅವಳು ಇಳಿಯಲಿಲ್ಲ.

“ಇಳೀಬೇ ಅಜ್ಜಿ, ಮುಗೀತು.”

“ಎಲ್ಲಿ ಮುಗೀತು? ಮಸ್ಕಿ ಅಂದಿ, ಮುದಗಲ್ ಅಂದಿ, ಊರೂರು ತಿರುಗಿಸಿದಿ. ನಮ್ಮೂರು ಎಲ್ಲೈತಿ? ತುರ್ವಿಹಾಳದಾಗ ಮನಷ್ಯಾರಿಲ್ಲೇನು?”

“ಇದು ಆಟದ ಬಸ್ಸಬೇ...”

“ಆಟದಾಗೂ ನಮ್ಮೂರಿಗೆ ನಿಲ್ಲಂಗಿಲ್ಲಂದ್ರ ಖರೇ ಬಸ್ಸು ಹ್ಯಾಂಗ ನಿಂತೀತು?”

ನಾನು ತುತ್ತೂರಿ ಇಳಿಸಿ ಕಾಕಾನ ಕಡೆ ನೋಡಿದೆ. ಕಾಕಾ ನಗಲಿಲ್ಲ. “ನಾಳೆ ಬಾ ಅವ್ವಾ,” ಎಂದರು. ಮರುದಿನ ಮಸ್ಕಿಗೂ ಸಿಂಧನೂರಿಗೂ ನಡುವೆ ಹೊಸ ಗೂಟ: ತುರ್ವಿಹಾಳ. ದಾರಿಯ ಲೆಕ್ಕದಲ್ಲಿ ಅದು ಅಲ್ಲಿ ಬರುವುದೇ ಇಲ್ಲ. ಅಜ್ಜಿ ಬಂದಳು, ಕೂತಳು, ತನ್ನ ಬೋರ್ಡಿನ ಎದುರು ಇಂಜಿನ್ ನಿಲ್ಲಿಸಲು ಹೇಳಿ, ಸೆರಗು ಸರಿಮಾಡಿಕೊಂಡು ಇಳಿದು, ಉಳಿದ ಸುತ್ತನ್ನು ನಮಗೇ ಬಿಟ್ಟು ಹೋದಳು.

ಅದೇ ಪದ್ಧತಿಯಾಯಿತು. ತನ್ನೂರು ಇಲ್ಲವೆಂದು ಯಾರು ತಕರಾರು ಮಾಡಿದರೂ ಮರುದಿನ ಬೋರ್ಡು. ಕಾಲುವೆ ನೀರಿಗೆಂದು ಬಂದು ನೆಲೆಸಿದವರ ಕ್ಯಾಂಪಿನ ತೆಲುಗು ರೈತರೊಬ್ಬರು “ಮಾ ಕ್ಯಾಂಪು ಲೇದಾ?” ಎಂದು ತಮ್ಮ ಕ್ಯಾಂಪನ್ನು ಕೇಳಿದರು, ಕ್ಯಾಂಪೂ ಬಂತು. ಒಬ್ಬ ಹುಡುಗಿ ಬಸ್ಸಿನಲ್ಲಿ ಕಿಡಕಿ ಇಲ್ಲವೆಂದಳು. ಕಾಕಾ ಗರಗಸ ತಂದು ಕಿಡಕಿ ಕೊರೆದರು. ಹೋದ ವರ್ಷ ನೋಡಿದ ತಿರುಗಣಿ ಈ ವರ್ಷ ಅದೇ ಇರುತ್ತಿರಲಿಲ್ಲ. ಅದನ್ನು ನೋಡಲೆಂದೇ ಮಂದಿ ಬರುತ್ತಿದ್ದರು, ತಮ್ಮ ಹೊಲದಲ್ಲಿ ಏನು ಚಿಗುರಿದೆಯೆಂದು ನೋಡಲು ಹೋಗುವ ಹಾಗೆ.

ಸಾಲಗುಂದದ ಬೋರ್ಡು ಮಾತ್ರ ಇರಲಿಲ್ಲ. ಕೇಳಬೇಕಾದವನು ತುತ್ತೂರಿ ಹಿಡಿದು ಸುಮ್ಮನಿದ್ದ.

ಮೂರನೆಯ ವರ್ಷ ಎಕ್ಸಿಬಿಷನ್ ಹೊಸ ಮಾಲಕನ ಕೈಗೆ ಹೋಯಿತು. ಮಾತಿಗೊಮ್ಮೆ ‘ಬಿಲ್ಕುಲ್’ ಎನ್ನುವ ಮನುಷ್ಯ. ಅವನು ತೂಗುವ ಹಡಗು ತಂದ. ನಾನೂ ಹತ್ತಿದೆ, ಮೂರು ಸಲ. ಹಡಗು ಮೇಲಿಂದ ಇಳಿಯುವಾಗ ಹೊಟ್ಟೆ ಅಲ್ಲೇ ಉಳಿದು ನಾನು ಮಾತ್ರ ಕೆಳಗೆ ಬರುತ್ತಿದ್ದೆ. ಆ ಸುಖವನ್ನು ಅಲ್ಲಗಳೆಯಲಾರೆ. ಮಾಲಕ ನನ್ನನ್ನು ಕರೆದ.

“ನಿನ್ನ ಗಂಟಲಕ್ಕ ತಗಡಿನ ತುತ್ತೂರಿ? ಬಿಲ್ಕುಲ್ ಅನ್ಯಾಯ. ಮೈಕ್ ಬೇಕು ನಿನಗ.”

ಮೈಕ್ ಎಂಬ ಮಾತಿಗೇ ತಲೆ ತಿರುಗಿತು. ತುತ್ತೂರಿಯನ್ನು ಎಮ್ಮೆಯ ಕೋಡಿಗೆ ನೇತುಹಾಕಿ, ಕಾಕಾಗೆ ಒಂದು ಮಾತೂ ಹೇಳದೆ ಹೋದೆ. ಆ ಮಧ್ಯಾಹ್ನ ಮಾಲಕನ ಡೇರೆಯಲ್ಲಿ ಕೂತು ಟೇಪ್‌ರೆಕಾರ್ಡರಿಗೆ ಬಾಯಿ ಹಚ್ಚಿ ಕೂಗಿದೆ: “ಸಿಂಧನೂರಿನ ಮಹಾಜನರೇ, ಬರ್ರಿ, ಹಡಗು ಏರ್ರಿ!” ಮರುದಿನ ತಲೆ ಬಾಚಿಕೊಂಡು, ಇಸ್ತ್ರಿ ಅಂಗಿ ಹಾಕಿಕೊಂಡು ಹೋದೆ. ನನ್ನ ಧ್ವನಿ ನನಗಿಂತ ಮೊದಲೇ ಬಂದು ಕೆಲಸ ಮಾಡುತ್ತಿತ್ತು.

“ನೀ ಯಾಕ ಬಂದೀಪಾ?” ಎಂದ ಮಾಲಕ. “ನೀ ಕ್ಯಾಸೆಟ್ಟಿನಾಗ ಅದೀ. ಕ್ಯಾಸೆಟ್ಟು ಚಾ ಕೇಳಂಗಿಲ್ಲ, ನೆಗಡಿ ಬಂತಂತ ರಜಾ ಕೇಳಂಗಿಲ್ಲ. ಬಿಲ್ಕುಲ್ ಆರಾಮ.”

ಜಗತ್ತನ್ನೆಲ್ಲ ನಕಲು ಮಾಡಿದವನನ್ನು ಒಂದು ಡಬ್ಬಿ ನಕಲು ಮಾಡಿ ಮನೆಗೆ ಕಳಿಸಿತು. ನಾಚಿಕೆಗೆ ಆ ಬಯಲಿನ ಕಡೆ ತಲೆ ಹಾಕಲಿಲ್ಲ. ಎಕ್ಸಿಬಿಷನ್ ಲಿಂಗಸುಗೂರಿಗೆ ಹೋದ ಮೇಲೆ ತಡೆಯಲಾರದೆ ಬಸ್ಸು ಹತ್ತಿದೆ. ಬಯಲಿಗೆ ಕಾಲಿಡುವಾಗಲೇ ಹಡಗಿನ ಮೇಲಿಂದ ನಾನೇ ಕೂಗುತ್ತಿದ್ದೆ: “ಸಿಂಧನೂರಿನ ಮಹಾಜನರೇ!” ಲಿಂಗಸುಗೂರಿನ ಮಹಾಜನರು ಅದನ್ನು ಕೇಳಿಯೂ ಹಡಗು ಹತ್ತುತ್ತಿದ್ದರು. ಯಾರಿಗೂ ಏನೂ ಅನ್ನಿಸಿದಂತೆ ಕಾಣಲಿಲ್ಲ. ಅದೇ ನನಗೆ ಹೆಚ್ಚು ಚುಚ್ಚಿತು.

ಮೂಲೆಯಲ್ಲಿ ತಿರುಗಣಿ. ಕೊಕ್ಕರೆಯ ಮೇಲೆ ಒಂದೇ ಒಂದು ಮಗು. ಚಿಗವ್ವ ನನ್ನನ್ನು ನೋಡಿದರು.

“ಬಂದೇನಪಾ ಕ್ಯಾಸೆಟ್ಟು? ಇವತ್ತು ಯಾವ ಕಡಿ ಹಾಡತೀ? ಈ ಕಡೀನೋ, ಆ ಕಡೀನೋ?”

ನಾನು ತುತ್ತೂರಿಗಾಗಿ ಅತ್ತಿತ್ತ ನೋಡಿದೆ. ಅವರೇ ಮುಂದುವರಿಸಿದರು. “ಮಾಲಕ ಹೇಳ್ಯಾನ. ಇಲ್ಲಿ ಇರೋ ಮಟ ಸೀಟು ತುಂಬಿದ್ರ ಮುಂದಿನ ಊರಿಗೆ ಲಾರಿಯಾಗ ಜಾಗಾ. ಇಲ್ಲಾಂದ್ರ ಇಲ್ಲೇ ಬಿಚ್ಚಿ ಮನಿಗಿ ಒಯ್ರಿ ಅಂತ. ಇನ್ನಾ ಮೂರು ದಿನ ಐತಿ. ಇವರು ಹೊಟ್ಟಿಗಿ ಉಣ್ಣವಲ್ರು. ನಾ ಒದರಿದ್ರ ಹುಡುಗ್ರು ಅಂಜಿ ಓಡತಾವು.”

ಕಾಕಾ ಇಂಜಿನ್ ಒರೆಸುತ್ತಿದ್ದವರು ತಿರುಗಿ ನೋಡಲಿಲ್ಲ. ತುತ್ತೂರಿ ಎಮ್ಮೆಯ ಕೋಡಿನಲ್ಲೇ ಇತ್ತು. ಅದನ್ನು ತೆಗೆದುಕೊಳ್ಳಲು ಹೋದಾಗ ಬುರುಜಿನ ಎದುರು ಒಂದು ಗೂಟ ಕಂಡಿತು. ಹೊಸ ಬಣ್ಣ. ಸಾಲಗುಂದ.

“ನೀ ಹೋದ ಮರುದಿನ ಬರದಾರ,” ಎಂದರು ಚಿಗವ್ವ. “ಮೊದಲನೇ ವರ್ಷಾನ ನಿಮ್ಮಪ್ಪ ಬಂದಿದ್ರು. ದೂರ ನಿಂತು ನಿನ್ನ ಆಟ ನೋಡಿ ನಕ್ಕು, ಮಗಗ ಹೇಳಬ್ಯಾಡ್ರಿ ಅಂದು ಹೋದ್ರು. ನೀನಾಗೇ ಕೇಳತೀಯಂತ ಇವರು ಕಾಯ್ದರು. ನೀ ಕೇಳಲಿಲ್ಲ. ಹಂಗಾರ ಇರಲಿ ಅಂತ ಬರದರು.”

ಇಲ್ಲಿ ನಾನು ಅತ್ತೆನೆಂದು ಬರೆಯಬೇಕು. ಅಳಲಿಲ್ಲ. ಅದಕ್ಕಿಂತ ಕೆಟ್ಟದ್ದು ಮಾಡಿದೆ: ಇಡೀ ಎಕ್ಸಿಬಿಷನ್ನಿನ ಮಂದಿಯನ್ನು ತಿರುಗಣಿಯ ಕಡೆ ಎಳೆಯುತ್ತೇನೆಂದು ಹೊರಟೆ.

ಮೂರು ಸಂಜೆ ನಾನು ಬಿಡಲಿಲ್ಲ. ಕಂಡಕ್ಟರನಾದೆ. ಲಿಂಗಸುಗೂರಿನಲ್ಲಿ ನಿಂತು ಸಿಂಧನೂರೆನ್ನುವ ಕ್ಯಾಸೆಟ್ಟಾದೆ. ಮಾಲಕನಾದೆ, ಬಿಲ್ಕುಲ್ ಅವನಂತೆಯೇ. ಹಡಗಿನಿಂದ ಇಳಿದು ವಾಂತಿಗೆ ಗೋಡೆ ಹುಡುಕಿಕೊಂಡು ಓಡುವ ಗುಮಾಸ್ತನಾದೆ. ಮಂದಿ ಸೇರಿದರು. ಹಡಗಿನ ಸಾಲು ಮುರಿದು ಬಂದರು. ಚಿಗವ್ವನ ಮೇಜೇ ಕಾಣದಷ್ಟು ಮಂದಿ. ಕಾಕಾ ಮಾತ್ರ ಇಂಜಿನ್ ಪಕ್ಕದಿಂದ ಕೈ ಆಡಿಸುತ್ತಿದ್ದರು. ಮೆಚ್ಚಿ ಕೈ ಬೀಸುತ್ತಿದ್ದಾರೆಂದುಕೊಂಡೆ. ಇನ್ನಷ್ಟು ಹುರುಪು ಬಂತು.

ಮೂರನೆಯ ಸಂಜೆ ಮಾಲಕ ಬಂದ. ಅವನೂ ನಕ್ಕಿದ್ದ, ಕಣ್ಣಲ್ಲಿ ನೀರಿತ್ತು.

“ಭೇಷ್, ತಮ್ಮಾ. ಈಗ ಆ ಕಡಿ ನೋಡು.”

ನೋಡಿದೆ. ಬಸ್ಸು ಖಾಲಿ. ಎಮ್ಮೆ ಖಾಲಿ. ಬುರುಜಿನ ಮೇಲೆ ಸಿಪಾಯಿಯೊಬ್ಬನೇ. ಇಷ್ಟೂ ಮಂದಿ ನಿಂತು ನಗುತ್ತಿದ್ದರೇ ಹೊರತು ಒಬ್ಬನೂ ಹತ್ತಿರಲಿಲ್ಲ. ಹತ್ತಲು ನಾನು ಬಿಡುವು ಕೊಟ್ಟಿದ್ದರಲ್ಲವೇ? ‘ರೈಟ್’ ಎನ್ನುವುದನ್ನೇ ಮರೆತಿದ್ದೆ. ಮೂರು ದಿನದಿಂದ ಕಾಕಾ ಕೈಸನ್ನೆಯಲ್ಲಿ ಹೇಳುತ್ತಿದ್ದದ್ದು ಅದನ್ನೇ: ಸಾಕು, ರೈಟ್ ಅನ್ನು.

“ನಗೋ ಮಂದಿಯಿಂದ ಲಾರಿ ಬಾಡಿಗಿ ಹುಟ್ಟಂಗಿಲ್ಲ,” ಎಂದು ಮಾಲಕ ಹೊರಟ. ಅದು ಅವನ ತಪ್ಪಲ್ಲ.

ನಾನು ಕಾಕಾ ಎದುರು ನಿಂತೆ. ಅವರೇ ಹೇಳಿದರು, ಎಂದಿನ ಸಣ್ಣ ದನಿಯಲ್ಲಿ: “ಆ ಗುಮಾಸ್ತನ ಆಟ ಚಲೋ ಇತ್ತು ಬಿಡು.” ಆಮೇಲೆ ಪಾನಾ ತೆಗೆದುಕೊಂಡು ನಟ್ಟು ಬಿಚ್ಚಲು ಕೂತರು. ನಾನೂ ಕೂತೆ.

ಲಾರಿ ಇಲ್ಲದಿದ್ದರೇನು? ಕಾಕಾ ಬಂಡಿ ಕಟ್ಟಿಕೊಟ್ಟ ಮನೆಗಳು ಆ ದಾರಿಯುದ್ದಕ್ಕೂ ಇದ್ದವು. ಹೇಳಿಕಳಿಸಿದ್ದಕ್ಕೆ ಬೆಳಗಾಗುವಷ್ಟರಲ್ಲಿ ನಾಲ್ಕು ಬಂಡಿ ಬಂದವು, ಎಲ್ಲವೂ ಅವರ ಕೈಯವೇ. ಮೊದಲನೆಯದರಲ್ಲಿ ಕೆಂಪು ಬಸ್ಸು ಏರಿತು, ಆಮೇಲೆ ಎಮ್ಮೆ, ಬುರುಜು, ಬೋರ್ಡುಗಳ ಕಂತೆ. ಚಿಗವ್ವ ಬುರುಜಿನ ಮೇಲೆ ಸಿಪಾಯಿಯ ಪಕ್ಕ ಕೂತರು. ನಾನು ಕಟ್ಟಿಗೆ ಬಸ್ಸಿನ ಬಾಗಿಲಲ್ಲಿ ಜೋತುಬಿದ್ದೆ. ಎತ್ತುಗಳು ಮಸ್ಕಿ ರಸ್ತೆ ಹಿಡಿದವು.

ಸ್ವಲ್ಪ ದೂರ ಹೋಗುವಷ್ಟರಲ್ಲಿ ಹಿಂದಿನಿಂದ ನಿಜವಾದ ಬಸ್ಸು ಹಾರ್ನ್ ಹೊಡೆಯುತ್ತ ಬಂತು. ಪಕ್ಕಕ್ಕೆ ಬಂದು ನಿಧಾನವಾಯಿತು. ಕಿಡಕಿಗಳಲ್ಲೆಲ್ಲ ತಲೆಗಳು. ಕಂಡಕ್ಟರ್ ಬಾಗಿಲಿಂದ ಬಗ್ಗಿ ಕೂಗಿದ: “ಏನಲೇ, ನಮ್ಮ ರೂಟಿನಾಗ ನಿಮ್ಮ ಗಾಡಿ? ಪರ್ಮಿಟ್ ಐತೇನು?”

“ನಮ್ಮದು ತುರ್ವಿಹಾಳಕ್ಕೂ ನಿಲ್ತೈತಿ ರೀ! ನಿಮ್ಮದು ನಿಲ್ತೈತೇನು?” ಎಂದೆ.

ಬಸ್ಸಿನ ತುಂಬ ನಗು. ಕಾಕಾ ಮೊದಲ ಬಂಡಿಯ ಮೂಕಿಯ ಹತ್ತಿರ ಕೂತಿದ್ದರು. ಅವರ ಭುಜ ಕುಲುಕಿದ್ದು ಹಿಂದಿನಿಂದ ಕಾಣಿಸಿತು. ವರ್ಷಗಟ್ಟಲೆ ಒಂದೇ ಜಾಗದಲ್ಲಿ ತಿರುಗಿ, ಊರು ಬದಲಿಸುವಾಗ ಲಾರಿಯ ತಾಡಪತ್ರಿಯೊಳಗೆ ಮಲಗುತ್ತಿದ್ದ ಬಸ್ಸು ಆ ದಿನ ಮೊದಲ ಸಲ ಎಲ್ಲರಿಗೂ ಕಾಣುವಂತೆ ರಸ್ತೆಯ ಮೇಲೆ ಮುಂದೆ ಹೋಗುತ್ತಿತ್ತು, ಎತ್ತಿನ ನಡಿಗೆಯಲ್ಲಿ.

ಹೊತ್ತು ಮುಳುಗುವ ಮುಂಚೆ ಅವರ ಅಂಗಳ ಬಂತು. ನಾನು ಗಂಟಲು ಸರಿಮಾಡಿಕೊಂಡು ಕೂಗಬೇಕು, ಅಷ್ಟರಲ್ಲಿ ಬುರುಜಿನ ಮೇಲಿಂದ ನನ್ನದೇ ಧ್ವನಿ ಕೇಳಿಸಿತು. ಅದೇ ಮೂಗು, ಅದೇ ದಿಮಾಕು. ಕ್ಯಾಸೆಟ್ಟಿಗಿಂತ ಬರೋಬ್ಬರಿ.

“ಮಸ್ಕಿ ಮಸ್ಕಿ ಮಸ್ಕಿ! ಇಳೀರಿ ಜಲ್ದಿ, ಬಾಗಲಾಗ ನಿಂದರಬ್ಯಾಡ್ರಿ!”

ಚಿಗವ್ವ. ಮೂರು ವರ್ಷ ಟಿಕೀಟಿನ ಮೇಜಿನ ಹಿಂದೆ ಕೂತು ಕಲಿತಿದ್ದರು.

ತಿರುಗಣಿ ಈಗಲೂ ಆ ಅಂಗಳದಲ್ಲಿದೆ. ಓಣಿಯ ಹುಡುಗರು ಕೈಯಿಂದಲೇ ತಳ್ಳಿ ತಿರುಗಿಸುತ್ತಾರೆ. ಬಿಡುವಾದಾಗ ನಾನೂ ಹೋಗುತ್ತೇನೆ. ಹೋದ ಸಲ ಹೋದಾಗ ಕಾಕಾ ಬಸ್ಸಿನ ಹಿಂದಿನ ಏಣಿಗೆ ಇನ್ನೊಂದು ಮೆಟ್ಟಿಲು ಹಚ್ಚುತ್ತಿದ್ದರು, ಯಾರೋ ಗಿಡ್ಡ ಹುಡುಗ ಎಟುಕುವುದಿಲ್ಲವೆಂದು ತಕರಾರು ಮಾಡಿದ್ದನಂತೆ. ನಾನು ಸಾಲಗುಂದದ ಬೋರ್ಡಿನ ಬಣ್ಣ ಮಾಸಿದೆಯೆಂದು ತಕರಾರು ಮಾಡಿದೆ.

“ನಾಳೆ ಬಾ,” ಎಂದರು.