ಬಂದ ನದಿಗೆ ಒಂದು ರೊಟ್ಟಿ

ರಜೆಗೆ ಹೋಗಿದ್ದ ಆಫ್ರಿಕಾದ ವಿಂಡ್‌ಹುಕ್ ಊರಾಚೆ, ಒಣಗಿದ ನದಿಯ ಮರಳಿನಲ್ಲೇ ಚಾಪೆ ಹಾಸಿ, ನಾವಿರುವ ಜರ್ಮನಿಯ ಎರ್ಲಾಂಗೆನ್‌ನಿಂದ ಕಟ್ಟಿ ತಂದಿದ್ದ ಕಡಕ್ ರೊಟ್ಟಿ, ಶೇಂಗಾ ಚಟ್ನಿಯ ಬುತ್ತಿ ಬಿಚ್ಚಿದ್ದೆವು. ಅಷ್ಟರಲ್ಲಿ ದಡದಿಂದ ನಮ್ಮ ಡ್ರೈವರ್ ಜರ್ಮನ್‌ನಲ್ಲಿ ಕೂಗಿದ: “ಮೇಲೆ ಬನ್ನಿ, ನದಿ ಬರ್ತಾ ಇದೆ!”

ಎಲ್ಲೋ ದೂರದ ಗುಡ್ಡದಲ್ಲಿ ಮಳೆಯಾಗಿತ್ತಂತೆ. ಚಾಪೆ ಸಮೇತ ದಡ ಹತ್ತಿದೆವು. ನೊರೆ, ಕಸಕಡ್ಡಿ ತಳ್ಳಿಕೊಂಡು ನದಿ ಬಂದೇ ಬಂತು. ದಡದಲ್ಲಿ ಜೊತೆಗೆ ನಡೆಯುತ್ತಿದ್ದ ನಮ್ಮ ಆರು ವರ್ಷದ ಮಗಳಿಗಿಂತ ನಿಧಾನವಾಗಿ! ನೋಡಲು ಕಾರುಗಳಲ್ಲಿ ಬಂದ ಊರವರೆಲ್ಲ ಚಪ್ಪಾಳೆ ತಟ್ಟಿದರು.

“ಗಂಗವ್ವ ಬಂದಾಳ, ಬರಿಗೈಲೆ ಹ್ಯಾಂಗ ನಿಲ್ಲೂದ್ರೀ?” ಎಂದು ನನ್ನ ಹೆಂಡತಿ ಪರ್ಸಿನಲ್ಲಿದ್ದ ಅರಿಶಿನ ಕುಂಕುಮ ಹಾಕಿ, ಒಂದು ರೊಟ್ಟಿ ತೇಲಿಬಿಟ್ಟಳು.

ನಾವು ಕನ್ನಡದಲ್ಲಿ ಏನು ಕೇಳಿದರೂ ಜರ್ಮನ್‌ನಲ್ಲೇ ಉತ್ತರಿಸುವ ಮಗಳು ಕುಣಿಯುತ್ತ ಕೂಗಿದಳು: “ಅವ್ವಾ, ಚಟ್ನೀನೂ ಹಾಕ!”