ಮೊಬೈಲಿನ ಮಾವನಿಗೂ ಸೆರಗು

ನಮ್ಮ ಮಾವನವರ ಮೊಣಕಾಲು ಕೈಕೊಡುತ್ತ ಬಂದಂತೆ ಮನೆತನದ ಡೊಳ್ಳಿನ ಕುಣಿತಕ್ಕೂ ಗಂಡಾಂತರ ಬಂತು. ಕಲಿಯಬೇಕಾದ ಗಂಡುಮಕ್ಕಳಿಗೆ, ನನ್ನ ಗಂಡನೂ ಸೇರಿ, ಪುರುಸೊತ್ತಿಲ್ಲ. "ಇದು ನನ್ನ ಕೂಡನ ಹೋಗ್ತೈತಿ," ಎಂದು ಮಾವ ಕುರಿಗಳ ಮುಂದೆ ಹೇಳಿಕೊಳ್ಳುತ್ತಿದ್ದರು. ಕೇಳಿ ನನಗೆ ಹೊಟ್ಟೆ ಉರಿಯುತ್ತಿತ್ತು. ಕಲಿಯುವ ಆಸೆ ನನಗಿತ್ತಲ್ಲ! ಆದರೆ ನಾನು ಸೊಸೆ. ಮಾವನೆದುರು ತಲೆಯ ಸೆರಗು ಜಾರಬಾರದ ಊರಲ್ಲಿ ಕುಣಿಯುವುದೆಲ್ಲಿ ಬಂತು?

ಈ ಕುಣಿತ ಅಳಿಯದಂತೆ ಹಿಡಿದಿಡುತ್ತೇವೆಂದು ಜತ್ತ ಪಟ್ಟಣದ ಕಾಲೇಜಿನವರು ಬಂದು, ಅಂಗಳದ ಸುತ್ತ ಕ್ಯಾಮೆರಾ ನಿಲ್ಲಿಸಿದರು. ಮಾವ ಮೊಣಕಾಲಿಗೆ ಬಟ್ಟೆ ಬಿಗಿದು ಒಂದು ಸುತ್ತು ಕುಣಿದರಂತೆ. ನಾನು ಒಳಗೆ ರೊಟ್ಟಿ ಬಡಿಯುತ್ತಿದ್ದೆ. ತಿಂಗಳಾದ ಮೇಲೆ ಅದನ್ನು ನನ್ನ ಮೊಬೈಲಿಗೆ ಹಾಕಿಕೊಟ್ಟರು. ಮೊಬೈಲನ್ನು ಖಾಲಿ ಅಂಗಳಕ್ಕೆ ಹಿಡಿದರೆ ಪರದೆಯಲ್ಲಿ ಅದೇ ಅಂಗಳ, ಅದೇ ತಿಪ್ಪೆ, ನಡುವೆ ಮಾತ್ರ ಅಲ್ಲಿಲ್ಲದ ಮಾವ ಆಳೆತ್ತರಕ್ಕೆ ಡೊಳ್ಳು ಕಟ್ಟಿಕೊಂಡು ಕುಣಿಯುತ್ತಾರೆ!

ಅವರು ಕಂಡದ್ದೇ ತಡ, ನನ್ನ ಕೈ ಸೆರಗನ್ನು ಮೂಗಿನ ತನಕ ಎಳೆಯಿತು. ಸೆರಗಿನಡಿಯಿಂದ ಕಂಡದ್ದು ಬರೀ ಅವರ ಪಾದಗಳು. "ಹುಚ್ಚಿ, ಅದು ಮೊಬೈಲವಾ!" ಎಂದು ಅತ್ತೆ ನಕ್ಕು ತಾವೂ ಇಣುಕಿದರು. ಮರುಕ್ಷಣ ಗಾಬರಿ. "ಸಾಕ ಮಾಡ ಅನ್ನು ಅವರಿಗೆ! ರಾತ್ರಿ ಕಾಲ ಒತ್ತಾಕಿ ನಾನ!"

ಮಾವ ಗುಡಿಕಟ್ಟೆಗೆ ಹೋದಾಗಲೆಲ್ಲ ಆ ಪಾದಗಳನ್ನು ನೋಡಿಯೇ ಕಲಿತೆ. ಮುಂದೆ ಎರಡು ಹೆಜ್ಜೆ, ಒಂದು ತಿರುವು, ಆಮೇಲೆ ಒಂಟಿಕಾಲಲ್ಲಿ ಹಿಂದಕ್ಕೆ ಜಿಗಿತ. ಆ ಜಿಗಿತ ಜೀವ ತಿಂದಿತು. ಮೂರು ವಾರ ಬಿದ್ದೆ, ಒಮ್ಮೆ ಜೋಳದ ಬುಟ್ಟಿಯೊಳಗೇ. ಕೊನೆಗೊಂದು ದಿನ ಸಾಧಿಸಿದೆ. ಬೆನ್ನ ಹಿಂದೆ, ಅಂಗಳದ ಬಾಗಿಲಲ್ಲಿ ಮಾವನ ಕೆಮ್ಮು ಕೇಳಿತು.

"ಅದೇನ ಹಿಂದಕ್ಕ ಹಾರೂದು?"

"ನೀವ ಹಾರೀರಿ ಮಾವಾರ, ಮೊಬೈಲದಾಗ," ಎಂದೆ ಸೆರಗೆಳೆದುಕೊಂಡು, ಗೋಡೆಗೆ.

ಮೊಬೈಲು ಇಸಿದುಕೊಂಡು ನೋಡಿದವರು ಬಿದ್ದುಬಿದ್ದು ನಕ್ಕರು. "ಅವತ್ತ ಕುರಿಮರಿ ಕಾಲಾಗ ಬಂದಿತ್ತವಾ! ಎಲ್ಲಿ ತುಳೀತೀನೋ ಅಂತ ಹಾರೀನಿ!"

ಕಾಲೇಜಿನವರು ಚಿತ್ರದಲ್ಲಿ ಮಾವನನ್ನಷ್ಟೇ ಉಳಿಸಿ, ಮರಿಯನ್ನು ಅಳಿಸಿಬಿಟ್ಟಿದ್ದರು. ಅಯ್ಯೋ ನನ್ನ ಕರ್ಮವೇ! ನಾಚಿಕೆಯಿಂದ ಒಳಗೆ ನುಗ್ಗಿದೆ.

"ನಿಂದ್ರು."

ಮಾವ ಮೊಬೈಲು ಬದಿಗಿಟ್ಟು, ಕಟ್ಟೆಯ ಮೇಲೆ ಕುಳಿತು, ಬುಟ್ಟಿ ಬೋರಲು ಹಾಕಿ ತಾಳ ಬಡಿದರು. ಮೂಗಿನ ತನಕ ಸೆರಗು ಹೊದ್ದೇ ಮೊದಲ ಹೆಜ್ಜೆ ಇಟ್ಟೆ. ತಾಳ ನಿಂತಿತು.

"ಹಿಂಗ ಮುಸುಕ ಹಾಕ್ಕೊಂಡ ಹ್ಯಾಂಗ ಕುಣೀತಿ? ಸೆರಗ ಸೊಂಟಕ್ಕ ಸಿಗಸು."

ಸಿಗಿಸಿದೆ. ಮದುವೆಯಾಗಿ ಹನ್ನೊಂದು ವರ್ಷ. ಮಾವನ ಮುಖವನ್ನು ನಾನು ನೆಟ್ಟಗೆ ನೋಡಿದ್ದು ಅವತ್ತೇ.