ಹುಡುಕಿದವರಿಗೆ ಸಿಗದ ಅಂಗಡಿ

ಎಲ್ಲರೂ ಅವಳನ್ನು ಅಳತೆಯಕ್ಕ ಎಂದೇ ಕರೆಯುತ್ತಿದ್ದರು. ಒಂದು ಕಾಲು ಉದ್ದ, ಇನ್ನೊಂದು ಗಿಡ್ಡ ಇರುವವರಿಗೆ ಶೂ ಹೊಲಿಯುವುದು ಅಪ್ಪನಿಂದ ಬಂದ ಕೆಲಸ. ಬಂದವರನ್ನು ನಿಲ್ಲಿಸಿ, ಗಿಡ್ಡ ಕಾಲಿನಡಿ ತೆಳು ಹಲಗೆಗಳನ್ನು ಒಂದೊಂದಾಗಿ ತೂರಿಸುತ್ತಾ, ಸೊಂಟದ ಎರಡೂ ಬದಿ ಸಮ ಆಗುವವರೆಗೆ ಬಿಡುತ್ತಿರಲಿಲ್ಲ.

ಒಂದು ಬೆಳಿಗ್ಗೆ ಒಬ್ಬ ತಾಯಿ ಒಂಬತ್ತು ವರ್ಷದ ಮಗಳನ್ನು ಕರೆತಂದಳು. ಬಸ್ಸಿನಲ್ಲಿ ಯಾರೋ ಈ ಅಂಗಡಿಯ ಗುರುತು ಹೇಳಿದ್ದರಂತೆ.

"ಎರಡು ವರ್ಷದಿಂದ ಫೋನಲ್ಲಿ ಹುಡುಕ್ತಾನೇ ಇದ್ದೀನಿ ಅಕ್ಕ. ನೀವು ನೋಡಿದ್ರೆ ನಮ್ಮನೆಯಿಂದ ನಾಲ್ಕೇ ಸ್ಟಾಪ್ ದೂರದಲ್ಲಿದ್ದೀರ!"

"ನಮಗೆ ವೆಬ್‌ಸೈಟ್ ಇದೆಯಲ್ಲಮ್ಮ, ಎರಡು ವರ್ಷ ಆಯ್ತು ಮಾಡ್ಸಿ."

ಆ ತಾಯಿ ಅಲ್ಲೇ ಅಂಗಡಿಯ ಹೆಸರು ಹಾಕಿ ಹುಡುಕಿ, ಫೋನನ್ನು ಮುಂದೆ ಹಿಡಿದಳು. ಯಾವ್ಯಾವುದೋ ಶೋರೂಮುಗಳು ಬಂದವು, ಇವಳದು ಮಾತ್ರ ಇಲ್ಲ. ಹುಡುಗಿಯ ಬೆನ್ನು ಆಗಲೇ ಒಂದು ಕಡೆಗೆ ವಾಲಿತ್ತು. ಅಳತೆಯಕ್ಕ ಮೊದಲು ಅವಳ ಕಾಲಿನ ಅಳತೆ ತೆಗೆದುಕೊಂಡಳು.

ಸೈಟ್ ಮಾಡಿಕೊಟ್ಟವನಿಗೆ ಫೋನ್ ಮಾಡಿದಳು. "ಅಡ್ರೆಸ್ ಹಾಕಿದ್ರೆ ಓಪನ್ ಆಗುತ್ತಲ್ಲ ಆಂಟಿ, ಇನ್ನೇನು ಬೇಕು?" ಎಂದ. ಮಾರನೆಯ ದಿನದಿಂದ ಫೋನ್ ಎತ್ತುವುದನ್ನೇ ಬಿಟ್ಟ.

"ಊರವರ ಕಾಲು ಹಿಡಿಯೋ ಕೆಲಸ ನಿಂದು. ಕಂಪ್ಯೂಟರ್ ತಲೆನೋವು ಯಾಕೆ?" ಎಂದ, ಬಸ್ ಓಡಿಸುವ ಗಂಡ.

"ಆ ಮಗು ಎರಡು ವರ್ಷ ಕುಂಟಿತಲ್ಲ, ಅದಕ್ಕೆ," ಎಂದಷ್ಟೇ ಹೇಳಿ ಅವಳು ಕನ್ನಡಕ ಏರಿಸಿದಳು.

ಹಳೆಯ ಇಮೇಲ್‌ಗಳನ್ನೆಲ್ಲ ಜಾಲಾಡಿ ಪಾಸ್‌ವರ್ಡ್ ಹುಡುಕಿ, ಸೈಟಿಗೆ ಸರ್ವರ್ ಕೊಟ್ಟಿದ್ದ ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿದಳು. ನಾಲ್ಕು ಸಲ ಬರೀ ಸಂಗೀತ ಕೇಳಿಸಿ ಲೈನ್ ಕಟ್ ಆಯಿತು. ಐದನೆಯ ಸಲ ಒಬ್ಬ ಹೆಂಗಸು ಸಿಕ್ಕಳು.

"ಮೇಡಂ, ನಿಮ್ಮ ಫೋಲ್ಡರಲ್ಲಿ ರೋಬೋಟ್ಸ್ ಅಂತ ಒಂದು ಫೈಲ್ ಇರುತ್ತೆ. ತೆಗೆದು ಓದಿ."

ಒಳಗಿದ್ದದ್ದು ಎರಡೇ ಸಾಲು. ಅಳತೆಯಕ್ಕ ಅಕ್ಷರ ಅಕ್ಷರವಾಗಿ ಓದಿದಳು.

"ಸರ್ಚ್ ಇಂಜಿನ್‌ಗಳು ಯಾವುವೂ ಒಳಗೆ ಬರಬಾರದು ಅಂತ ಅದರರ್ಥ. ಸೈಟ್ ಕಟ್ಟುವಾಗ ಹಾಕಿರ್ತಾರೆ, ಆಮೇಲೆ ತೆಗೀಬೇಕು. ಮರೆತಿದ್ದಾರೆ."

"ಅಯ್ಯೋ ನನ್ನ ಕರ್ಮವೇ! ಅಂಗಡಿ ತೆರೆದಿಟ್ಟು, ಹೊರಗೆ ಬೀಗ ಜಡಿದು ಕೂತಿದ್ದೆನಾ?"

ಆ ಎರಡೂ ಸಾಲುಗಳನ್ನು ಅಳಿಸಿದಳು. ಇನ್ನು ಈ ಸೈಟು ತನ್ನದೇ ಎಂದು ಸರ್ಚ್ ಇಂಜಿನ್‌ಗೆ ಸಾಬೀತು ಮಾಡಬೇಕಿತ್ತು. ಅದಕ್ಕೆ ಡೊಮೇನ್, ಅಂದರೆ ಸೈಟಿನ ವಿಳಾಸದ ಸೆಟ್ಟಿಂಗಿನಲ್ಲಿ ಒಂದು ಸಾಲು ಸೇರಿಸಬೇಕು. ಸೇರಿಸುವ ಭರದಲ್ಲಿ ಪಕ್ಕದ ಸಾಲೊಂದು ಅಳಿಸಿಹೋಯಿತು. ಆ ವಿಳಾಸ ಹಾಕಿದವರು ಯಾವ ಸರ್ವರಿಗೆ ಹೋಗಬೇಕೆಂದು ಹೇಳುವ ಸಾಲೇ ಅದು. ಸಂಜೆಯ ಹೊತ್ತಿಗೆ ಸೈಟು ಪೂರ್ತಿ ಮಾಯ.

"ಇದ್ದದ್ದೂ ಹೋಯ್ತಾ?" ಎಂದ ಗಂಡ.

"ಹೋಗಿದ್ದು ಹೇಗೆ ಅಂತ ಗೊತ್ತಾಯ್ತಲ್ಲ. ತರೋದೂ ಗೊತ್ತಾಗುತ್ತೆ."

ಮರುದಿನ ಅದೇ ಸಹಾಯವಾಣಿಯವಳಿಂದ ಸರ್ವರಿನ ಅಂಕಿಗಳನ್ನು ಬರೆಸಿಕೊಂಡು, ಎರಡೆರಡು ಸಲ ಓದಿ ಹೇಳಿ, ಸಾಲನ್ನು ಮತ್ತೆ ಹಾಕಿದಳು. ಮಧ್ಯಾಹ್ನ ಸೈಟು ತೆರೆಯಿತು. ಸಾಬೀತೂ ಆಯಿತು. ಸೈಟಿನ ಪುಟಗಳ ಪಟ್ಟಿಯನ್ನು ಸರ್ಚ್ ಇಂಜಿನ್‌ಗೆ ಒಪ್ಪಿಸಿದಳು.

ಹನ್ನೆರಡು ದಿನ ಕಾದರೂ ಏನೂ ಇಲ್ಲ. ಹದಿಮೂರನೆಯ ದಿನ ಹುಡುಕಾಟದ ಮೂರನೆಯ ಪುಟದ ತುದಿಯಲ್ಲಿ ಅಂಗಡಿಯ ಹೆಸರು ಕಂಡಿತು. ಗಂಡ ಹಿಗ್ಗಿದ. ಅವಳಿಗೆ ಸಮಾಧಾನವಿಲ್ಲ. "ಮೂರನೇ ಪುಟದವರೆಗೆ ಯಾರು ಬರ್ತಾರೆ? ನೀವು ಬರ್ತೀರಾ?"

ಸೈಟಿನಲ್ಲಿದ್ದ ದೊಡ್ಡ ದೊಡ್ಡ ಇಂಗ್ಲಿಷ್ ಪದಗಳನ್ನೆಲ್ಲ ಕಿತ್ತುಹಾಕಿದಳು. ಅಂಗಡಿಗೆ ಬಂದವರು ಕುರ್ಚಿಯಲ್ಲಿ ಕೂರುತ್ತಲೇ ಏನು ಹೇಳುತ್ತಾರೋ ಅದನ್ನೇ ಬರೆದಳು: 'ಒಂದು ಕಾಲು ಗಿಡ್ಡ', 'ನಡೆದರೆ ಸೊಂಟ ನೋವು', 'ಮಗು ವಾಲಿಕೊಂಡು ನಡೆಯುತ್ತೆ'. ತೆರೆಯಲು ತಡವಾಗುತ್ತಿದ್ದ ದೊಡ್ಡ ಫೋಟೋಗಳನ್ನು ಸಣ್ಣದು ಮಾಡಿದಳು. ತಪ್ಪಾದಾಗ ಬಿಚ್ಚಿದಳು, ಮತ್ತೆ ಹಾಕಿದಳು. ಹೊಲಿಗೆಯೂ ಹೀಗೇ ತಾನೆ ಅವಳಿಗೆ ಒಲಿದದ್ದು.

ಎರಡು ತಿಂಗಳಿಗೆ ಮೊದಲ ಪುಟದಲ್ಲಿ ಜಾಗ ಸಿಕ್ಕಿತು. ಮುಂದಿನ ವಾರ ಸೈಟು ನೋಡಿ, ರೈಲಿನಲ್ಲಿ ಎಂಟು ಗಂಟೆ ಪ್ರಯಾಣ ಮಾಡಿ ಒಬ್ಬ ಮೇಷ್ಟ್ರು ಬಂದರು. ಒಂದು ಕಾಲು ಗಿಡ್ಡವಾದ್ದರಿಂದ ಮೂವತ್ತು ವರ್ಷ ಕರಿಹಲಗೆಗೆ ಒರಗಿಯೇ ಪಾಠ ಮಾಡಿದವರು. ಹೊಸ ಶೂ ಸಿದ್ಧವಾದ ದಿನ ಅದನ್ನು ಹಾಕಿಕೊಂಡು ಅಂಗಡಿಯ ಉದ್ದಕ್ಕೂ ಮೂರು ಸಲ ಓಡಾಡಿ, ಗೋಡೆಯ ಕಡೆ ತಿರುಗಿ, ಅದಕ್ಕೆ ಒರಗದೆ ನೇರ ನಿಂತರು. ಅಳತೆಯಕ್ಕ ದಾರಕ್ಕೆ ಮೇಣ ಉಜ್ಜಿದಳು. ಆಮೇಲೆ, "ಎಡಗಾಲು ಬೆರಳ ಹತ್ರ ಬಿಗಿ ಅನ್ಸುತ್ತಾ ಸರ್?" ಎಂದು ಕೇಳಿದಳು.